ಕೇಳಿ ಎರೆದ ಧಾರೆ

ಹೋದ ತಿಂಗಳು ಕೆ.ಆರ್. ಪೇಟೆಯ ಛತ್ರದಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳ ಮದುವೆ. ಧಾರೆ ಎರೆಯಲು ನನ್ನ ಕೈಗೂ ಹಾಲಿನ ಚೊಂಬು ಕೊಟ್ಟರು. ಹಸಿ ಹಾಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ತೀರಿಹೋದ ಚಿಕ್ಕಪ್ಪ ಕಣ್ಣೆದುರಿಗೆ ಬಂದು ಕೂತ... ಮೊಣಕಾಲ ನಡುವೆ ತಪ್ಪಲೆ ಇಟ್ಟುಕೊಂಡು, ಹಸುವಿನ ಹೊಟ್ಟೆಗೆ ತಲೆ ಆನಿಸಿ.

ಪಾಂಡವಪುರದ ಹತ್ತಿರದ ನಮ್ಮೂರಲ್ಲಿ ಅವನಂಥ ಸಂಸಾರವಂತ ಇನ್ನೊಬ್ಬನಿರಲಿಲ್ಲ. ನಮ್ಮವನು ಅಂತ ಹೊಗಳುತ್ತಿಲ್ಲ, ಇದ್ದದ್ದೇ ಹಾಗೆ. ಉಳಿದ ಗಂಡಸರು ಡೈರಿಗೆ ಹಾಲು ಹಾಕಿ ಹೋಟೆಲಿನಲ್ಲಿ ಹರಟೆಗೆ ಕೂತರೆ, ಇವನು ನೆಟ್ಟಗೆ ಮನೆಗೆ ಬಂದು ಮಗಳಿಗೆ ಜಡೆ ಹಾಕುತ್ತಿದ್ದ. ಹೆಂಡತಿ ಸೆರಗು ಹಿಡಿದವನು ಅಂತ ಊರವರು ಆಡಿಕೊಂಡರೆ, ಬೇರೆಯವರ ಸೆರಗು ಹಿಡಿದಿಲ್ಲವಲ್ಲ ಅಂತ ನಗುತ್ತಿದ್ದ.

ತೊಂಬತ್ತರ ದಶಕದ ಆ ವರ್ಷಗಳಲ್ಲಿ ಅವನಿಗಿನ್ನೂ ಐವತ್ತು ತುಂಬಿರಲಿಲ್ಲ. ಒಂದು ಬೆಳಿಗ್ಗೆ ಕರೆದ ಹಸುವನ್ನೇ ಮತ್ತೆ ಕರೆಯಲು ಕೂತ. ಹಾಲು ಬರಲಿಲ್ಲ. ಕರು ಕುಡಿದುಬಿಟ್ಟಿದೆ ಅಂತ ಕರುವಿಗೆ ಬೈದ. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಕೆಲವು ದಿನ ಕಳೆದು ಮತ್ತೆ ಹಾಗೇ ಕೂತಾಗ ಯಾರಿಗೂ ನಗು ಬರಲಿಲ್ಲ. ಮೈಸೂರಿನ ಡಾಕ್ಟರು ಅಲ್ಝೈಮರ್ ಅಂದರು. ಮುದುಕರಿಗೆ ಬರುವ ಮರೆವಿನ ಕಾಯಿಲೆ, ಇವರಿಗೆ ಬೇಗ ಬಂದಿದೆ, ವಾಸಿಯಾಗುವುದಿಲ್ಲ ಅಂದರು. ಆ ಹೆಸರಿಗೆ ನಮ್ಮ ಯಾರ ನಾಲಿಗೆಯೂ ಹೊರಳಲಿಲ್ಲ.

ಚಿಕ್ಕಮ್ಮ ಅಳುತ್ತಾ ಕೂರುವ ಹೆಂಗಸಲ್ಲ. ಹಾಲು ಕರೆಯುವುದನ್ನು ತಾನೇ ವಹಿಸಿಕೊಂಡಳು. ಆದರೆ ಕರುವಿಗೆ ಬಿಡುವ ಹಾಗೆ ಗಂಡನಿಗೂ ಅಂತ ಒಂದು ಮೊಲೆ ಬಿಟ್ಟು ಕರೆಯುತ್ತಿದ್ದಳು. ಅವನು ಯಾವ ಹೊತ್ತಿಗೆ ಹೋಗಿ ಕೂತರೂ ತಪ್ಪಲೆಯಲ್ಲಿ ಸೊರ್ ಅಂತ ಸದ್ದಾಗಬೇಕು. ಬರಿ ತಪ್ಪಲೆ ಹಿಡಿದು ಮೇಲೇಳಬಾರದು, ಅಷ್ಟೇ. ಎಂಥ ಬುದ್ಧಿವಂತೆ ನೋಡಿ ನಮ್ಮ ಚಿಕ್ಕಮ್ಮ.

ಅಷ್ಟರಲ್ಲಿ ಅವರ ಮಗಳಿಗೆ, ನನಗೆ ತಂಗಿಯಾಗುವವಳಿಗೆ, ನಾಗಮಂಗಲದ ಕಡೆಯ ಗಂಡು ಗೊತ್ತಾಯಿತು. ಚಿಕ್ಕಪ್ಪನ ಅಣ್ಣ, ಅಂದರೆ ನಮ್ಮಪ್ಪ, ಧಾರೆಗೆ ತಾನೂ ಅಮ್ಮನೂ ನಿಲ್ಲುತ್ತೇವೆ ಅಂದ. ಧಾರೆಯ ಮಧ್ಯೆ ತಮ್ಮ ಎದ್ದು ಹೋದರೆ ಬೀಗರ ಮುಂದೆ ಮಾನ ಉಳಿಯುತ್ತದೆಯೇ ಅಂತ ಅವನ ಭಯ. ಆ ಭಯವೇನೂ ಸುಳ್ಳಲ್ಲ. ಚಿಕ್ಕಮ್ಮ ಮಾತ್ರ ಜಗ್ಗಲಿಲ್ಲ.

“ಅವ್ರು ನಮ್ಮನ್ನ ಮರೀತಾವ್ರೆ ಅಂತ ನಾವೂ ಅವ್ರನ್ನ ಮರ್ತುಬುಡಾದಾ ಬಾವ? ಅವ್ರ ಮಗ್ಳು. ಅವ್ರೇ ಎರೀಲಿ.”

ಮದುವೆಯ ದಿನ ಅಪ್ಪ ಬೆನ್ನ ಹಿಂದೆಯೇ ನಿಂತಿದ್ದ, ತಪ್ಪಿದರೆ ಚೊಂಬು ಇಸಿದುಕೊಳ್ಳಲು. ಪುರೋಹಿತರು ಎರೆಯಿರಿ ಅಂದರು. ಚಿಕ್ಕಪ್ಪ ಚೊಂಬು ಎತ್ತಿದವನು ಹಾಗೇ ನಿಂತುಬಿಟ್ಟ. ಮದುಮಗಳ ಮುಖವನ್ನೇ ನೋಡಿದ.

“ಯಾರ್ ಮಗ್ಳವ್ವ ನೀನು?”

ನಾಗಮಂಗಲದವರು ಮುಖ ಮುಖ ನೋಡಿಕೊಂಡರು. ಅಪ್ಪ ಚೊಂಬಿಗೆ ಕೈ ಚಾಚಿದ. ತಂಗಿ ಬಾಗಿಸಿದ ತಲೆ ಎತ್ತಿ, “ನಿನ್ ಮಗ್ಳೇ ಕಣಪ್ಪ” ಅಂದಳು.

ಅವನು ಇನ್ನೊಮ್ಮೆ ಅವಳನ್ನು ದಿಟ್ಟಿಸಿದ...

“ಅಂಗಾರೆ ನಾನೇ ಎರೀಬೇಕು” ಅಂದ. ಎರೆದ. ಹಾಲು ಆಚೀಚೆ ಚೆಲ್ಲಲಿಲ್ಲ. ಅಪ್ಪ ಹಿಂದೆ ಸರಿದು ಟವೆಲಿನಿಂದ ಮುಖ ಒರೆಸಿಕೊಂಡ.

ಆಮೇಲೆ ಚಿಕ್ಕಪ್ಪ ಹೆಚ್ಚು ವರ್ಷ ಇರಲಿಲ್ಲ. ಹಸುವನ್ನೂ ಮರೆತ, ಚಿಕ್ಕಮ್ಮನನ್ನೂ ಮರೆತು ಹೋದ. ಕಾಲ ಎಲ್ಲ ದುಃಖವನ್ನೂ ಮರೆಸುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ. ಅವನಿಲ್ಲದ ನೋವು ನನಗೆ ಈಗಲೂ ಇದೆ.

ಛತ್ರದಲ್ಲಿ ಧಾರೆ ಎರೆದು ಪಕ್ಕಕ್ಕೆ ಬಂದೆ. ತಂಗಿ, ಈಗ ಮದುಮಗಳ ತಾಯಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಚಿಕ್ಕಪ್ಪ ಇರಬೇಕಿತ್ತು ಅಂದೆ. ಅವಳ ಕಣ್ಣು ತುಂಬಿತು, ದನಿ ಮಾತ್ರ ಗಟ್ಟಿಯಾಗಿತ್ತು.

“ಎಲ್ರ ಅಪ್ಪದೀರೂ ಸುಮ್ಕೆ ಎರ್ದು ಕೊಟ್ಬುಡ್ತಾರೆ ಕಣಕ್ಕ. ನಮ್ಮಪ್ಪ ಯಾರ್ ಮಗ್ಳು ಅಂತ ಕೇಳಿ, ತನ್ ಮಗ್ಳು ಅಂತ ಗೊತ್ತಾದ್ಮೇಲೇ ಕೊಟ್ಟಿದ್ದು.”