ವಸ್ತಿ ಬಸ್ಸಿನ ಚಳಿಗಾಲ

ದೀಪಾವಳಿ ಕಳೆದ ಮೇಲೆ ನಮ್ಮ ಓಣಿಗೆ ಇಸ್ತ್ರಿ ಮಾಡುವ ಹೆಣ್ಣುಮಗಳೊಬ್ಬಳು ಬಂದಿದ್ದಾಳೆ. ಮನೆಯೆದುರಿನ ಬೇವಿನ ಗಿಡದ ಕೆಳಗೆ ತಳ್ಳುಗಾಡಿ ನಿಲ್ಲಿಸಿಕೊಂಡು ಬೆಳಿಗ್ಗೆ ಏಳಕ್ಕೆಲ್ಲ ಇದ್ದಿಲು ಹೊತ್ತಿಸುತ್ತಾಳೆ. ಆ ವಾಸನೆ ಒಳಗೆ ಬಂದದ್ದೇ ತಡ, ನಾನು ಎದ್ದು ಮನೆಯ ಕಿಟಕಿಗಳನ್ನೆಲ್ಲ ತೆರೆಯುತ್ತೇನೆ. ವಾಸನೆ ಇರುವುದು ಹೊರಗೆ, ಕಿಟಕಿ ತೆರೆದರೆ ಇನ್ನಷ್ಟು ಒಳಗೆ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬರುತ್ತದೆ. ಅದು ನನ್ನ ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಕರ್ನಾಟಕದ ಗಡಿಯಾಚೆಯ ಈ ಜತ್ತಿನ ಚಳಿಯಲ್ಲಿ, ಅರವತ್ತು ದಾಟಿದ ಒಬ್ಬ ಗೃಹಸ್ಥ ಬರೀ ಬನಿಯನ್ನಿನಲ್ಲಿ ನಿಂತು ಒಂದೊಂದೇ ಕಿಟಕಿ ತೆರೆಯುವುದನ್ನು ನೋಡಿ ಆ ಹೆಣ್ಣುಮಗಳು ಮೂರು ದಿನ ಸುಮ್ಮನಿದ್ದಳು. ನಾಲ್ಕನೆಯ ದಿನ ನನ್ನ ಹೆಂಡತಿಯನ್ನು ಕೇಳಿಯೇಬಿಟ್ಟಳು.

ನನ್ನ ಹೆಂಡತಿ ಕಸ್ತೂರಿಗೆ ಈ ಕಥೆ ಹೇಳುವುದು ಬಾಯಿಪಾಠ. ಹೊಸ್ತಿಲಲ್ಲಿ ನಿಂತು ಹೇಳಿದಳು: “ಇವ್ರಿಗೆ ಇದ್ದಲಿ ವಾಸನಿ ಆಗಿಬರಂಗಿಲ್ಲವಾ. ಹಿಂದಕ ಒಬ್ಬ ಡ್ರೈವರ ಬಸ್ಸಿನ್ಯಾಗ ಕೆಂಡಾ ಇಟ್ಟು ಇವ್ರ ಜೀವಾ ತಗೀತಿದ್ದ. ಅಂವನ ಕೈ ಸೇದಿ ಹೋಗ್ಲಿ.”

ನಾನು ಒಳಗೆ ಕುಳಿತು ಕೇಳಿದೆ. ಮೂವತ್ತು ವರ್ಷಗಳಿಂದ ಕೇಳುತ್ತಲೇ ಬಂದಿದ್ದೇನೆ. ಆ ಡ್ರೈವರನ ಹೆಸರು ಮಾರುತಿಮಾಮಾ. ಬಸ್ಸಿನಲ್ಲಿ ಕೆಂಡ ಇಟ್ಟವನು ಅವನಲ್ಲ.

ನಾನು ಬಸ್ಸಿನ ಕಂಡಕ್ಟರನಾಗಿದ್ದೆ. ಮದುವೆಯಾದ ವರ್ಷವೇ ನನಗೆ ವಸ್ತಿ ಬಸ್ಸಿನ ಪಾಳಿ ಬಂತು. ಸಂಜೆ ಜತ್ತಿನಿಂದ ಹೊರಟು, ಉಮದಿಯನ್ನು ಹಿಂದೆ ಹಾಕಿ, ಕರ್ನಾಟಕದ ಗಡಿಗೆ ಆತುಕೊಂಡ ಒಂದು ಸಣ್ಣ ಊರಿನಲ್ಲಿ ಬಸ್ಸು ರಾತ್ರಿ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ನಮ್ಮ ರಾಜ್ಯವೂ ಇರಲಿಲ್ಲ, ಡಾಂಬರೂ ಇರಲಿಲ್ಲ. ಬೆಳಿಗ್ಗೆ ಐದೂವರೆಗೆ ಹಾಲಿನ ಕ್ಯಾನುಗಳನ್ನೂ ಕಾಲೇಜಿನ ಹುಡುಗಿಯರನ್ನೂ ಗುಡ್ಡಾಪುರದ ದೇವಿಗೆ ಹೊರಟ ಭಕ್ತರನ್ನೂ ಹೇರಿಕೊಂಡು ತಿರುಗಿ ಜತ್ತಿಗೆ. ರಾತ್ರಿ ನಾವಿಬ್ಬರೂ ಬಸ್ಸಿನಲ್ಲೇ ಮಲಗಬೇಕು. ಮನೆ ಡಫಳಾಪುರದಲ್ಲಿ, ಹೊಸ ಹೆಂಡತಿ ಅಲ್ಲಿ. ನಾನು ತಾಲೂಕಿನ ಇನ್ನೊಂದು ತುದಿಯಲ್ಲಿ, ಕಬ್ಬಿಣದ ಡಬ್ಬಿಯೊಳಗೆ. ಬಸ್ಸು ಬಿಸಿಲಿಗೆ ಎಷ್ಟು ಬೇಗ ಕಾಯುತ್ತದೋ ಚಳಿಗೆ ಅಷ್ಟೇ ಬೇಗ ತಣ್ಣಗಾಗುತ್ತದೆ. ಮೊದಲ ವಾರ ನಾನು ನಿದ್ದೆ ಮಾಡಲಿಲ್ಲ, ಹಲ್ಲು ಕಡಿದೆ.

ಮಾರುತಿಮಾಮಾ ನನಗಿಂತ ಹದಿನೈದು ವರ್ಷ ದೊಡ್ಡವನು. ಪಶ್ಚಿಮದ ಕಡೆಯ, ಹೊಳೆದಂಡೆಯ ಮರಾಠಿ ಮನುಷ್ಯ. ವಸ್ತಿಗೆ ಬಂದ ಮೇಲೆಯೇ ಕನ್ನಡ ಕಲಿತದ್ದು. ಕಲಿಸಿದವಳು ಬಸ್ಸು ನಿಲ್ಲುವ ಜಾಗದ ಮಗ್ಗುಲ ಮನೆಯ ಶಾಂತವ್ವ. ಆಕೆ ಎಲ್ಲರನ್ನೂ ಯವ್ವಾ ಎಂದು ಕರೆಯುತ್ತಿದ್ದಳಾದ್ದರಿಂದ ಮಾಮಾ ಕೂಡ ಎಲ್ಲರನ್ನೂ ಹಾಗೇ ಕರೆದ. ಒಮ್ಮೆ ಊರಿನ ದೊಡ್ಡ ಮೀಸೆಯ ಪೊಲೀಸ್ ಪಾಟೀಲರು ಬಸ್ಸು ಹತ್ತುವಾಗ “ಲಗೂನ ಹತ್ತ ಯವ್ವಾ” ಎಂದ. ಪಾಟೀಲರು ಹತ್ತಿ ಕುಳಿತು ಉಮದಿಯವರೆಗೂ ಮಾತಾಡಲಿಲ್ಲ.

ಚಳಿಯ ವಿಷಯದಲ್ಲಿ ಮಾತ್ರ ಮಾಮಾ ಪಂಡಿತ. ನಿಮಗೆ ಎಂದಾದರೂ ಗಾಡಿಯಲ್ಲಿ ಮಲಗುವ ಪ್ರಸಂಗ ಬಂದರೆ ಉಪಯೋಗಕ್ಕೆ ಬಂದೀತು, ಕೇಳಿ. ಗಾಡಿಯನ್ನು ಬಯಲಲ್ಲಿ ನಿಲ್ಲಿಸಬಾರದು. ನಮ್ಮ ಕಡೆ ಚಳಿಗಾಲದ ಗಾಳಿ ಮೂಡಣದ್ದು. ಹಾಗಾಗಿ ಹಳೆಯ ಗೋದಾಮಿನ ಪಡುವಲ ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದ. ಇಂಜಿನ್ನಿನ ಮುಚ್ಚಳ ಒಂದು ತಾಸು ಬಿಸಿ ಇರುತ್ತದೆ, ಊಟ ಅದರ ಮೇಲೆಯೇ ಆಗಬೇಕು. ನಾವಿಬ್ಬರೂ ಅದರ ಅತ್ತಿತ್ತ ಒಲೆಯ ಮುಂದೆ ಕುಳಿತಂತೆ ಕುಳಿತು, ರೊಟ್ಟಿಗಂಟು ಅದರ ಮೇಲಿಟ್ಟು ಬೆಚ್ಚಗೆ ಮಾಡಿಕೊಂಡು ತಿನ್ನುತ್ತಿದ್ದೆವು. ಸೀಟಿನ ರೆಕ್ಸಿನ್ನಿನ ಮೇಲೆ ನೇರವಾಗಿ ಮಲಗಿದರೆ ಬೆನ್ನಿನ ಕಾವನ್ನೆಲ್ಲ ಅದು ಹೀರಿಬಿಡುತ್ತದೆ. ಕೆಳಗೆ ಗೋಣಿಚೀಲ, ಅದರ ಮೇಲೆ ಶಾಂತವ್ವ ಕೊಟ್ಟ ಹುಲ್ಲು, ಅದರ ಮೇಲೆ ಕೌದಿ. ಬನಿಯನ್ನಿಗೂ ಅಂಗಿಗೂ ನಡುವೆ ಹಳೆಯ ಪೇಪರು. ಹೊದಿಕೆಯೊಳಗೆ ಬೂಟನ್ನೂ ಸೇರಿಸಿಕೊಂಡು ಮಲಗುವುದು, ಇಲ್ಲದಿದ್ದರೆ ಬೆಳಿಗ್ಗೆ ಬೂಟಿನಲ್ಲಿ ಕಾಲಿಟ್ಟರೆ ಬಾವಿಯಲ್ಲಿ ಇಟ್ಟಂತೆ.

ಕಿಟಕಿಯ ಗಾಜುಗಳೆಲ್ಲ ಗಡಗಡ ಎನ್ನುತ್ತಿದ್ದವು. ಸಂದುಗಳಿಗೆಲ್ಲ ಪೇಪರು ತುರುಕುತ್ತಿದ್ದ. ಆದರೆ ತನ್ನ ತಲೆಯ ಹತ್ತಿರದ ಒಂದು ಕಿಟಕಿಯನ್ನು ಮಾತ್ರ ಎರಡು ಬೆರಳಿನಷ್ಟು ತೆರೆದೇ ಇಡುತ್ತಿದ್ದ. ಅದೆಷ್ಟು ಬೈದರೂ ಮುಚ್ಚಗೊಡುತ್ತಿರಲಿಲ್ಲ. ಶಾಂತವ್ವನ ಒಲೆಯ ಕೆಂಡ ತಂದು ನಡುವೆ ಇಟ್ಟುಕೊಳ್ಳೋಣ ಎಂದು ನಾನೊಮ್ಮೆ ಹೇಳಿದಾಗ ಆತ ತಿನ್ನುತ್ತಿದ್ದ ರೊಟ್ಟಿ ಕೆಳಗಿಟ್ಟ. ಹಿಂದೆ ಲಾರಿಯ ಕ್ಯಾಬಿನ್ನಿನಲ್ಲಿ ಕೆಂಡ ಇಟ್ಟುಕೊಂಡು ಮಲಗಿದ ಇಬ್ಬರು ಮತ್ತೆ ಏಳಲಿಲ್ಲವಂತೆ. ಒಬ್ಬ ಅವನ ಓಣಿಯವನೇ.

“ಚಳಿ ಮನಷ್ಯಾನ್ನ ಎಬ್ಬಸ್ತೈತಿ,” ಎಂದ. “ಇದ್ದಲಿ ಮಲಗಸ್ತೈತಿ. ಗಾಡ್ಯಾಗ ಕೆಂಡ ತರಬ್ಯಾಡ ಯವ್ವಾ.”

ಈಗ ಹಿಂದಿರುಗಿ ನೋಡಿದರೆ, ಆ ಮೊದಲ ವಾರವೊಂದನ್ನು ಬಿಟ್ಟು, ಆ ಮೂರು ಚಳಿಗಾಲಗಳಲ್ಲಿ ನನಗೆ ಚಳಿಯಾದದ್ದು ನೆನಪಿಗೇ ಬರುವುದಿಲ್ಲ. ನೆನಪಿಗೆ ಬರುವುದು ಇಂಜಿನ್ನು ಆರುತ್ತಾ ಟಿಕ್ ಟಿಕ್ ಎನ್ನುತ್ತಿದ್ದದ್ದು, ಹೊರಗೆ ಬಿಳಿಜೋಳದ ಹೊಲದ ಮೇಲೆ ಗಾಳಿ ಹಾಯುವ ಸಪ್ಪಳ, ಕತ್ತಲಲ್ಲಿ ಮಾಮಾ ತನ್ನ ಹೊಳೆದಂಡೆಯ ಮಂಜಿನ ಸುದ್ದಿ ಹೇಳುತ್ತಿದ್ದದ್ದು. ಅವರ ಕಡೆಯ ಚಳಿ ಹಸಿಯಂತೆ, ನಮ್ಮದು ಒಣ ಚಳಿ, ಚಾಕುವಿನ ಹಾಗೆ ಕೊಯ್ಯುತ್ತದಂತೆ. ನಾನು ಕಸ್ತೂರಿಯ ಸುದ್ದಿ ಹೇಳುತ್ತಿದ್ದೆ. ಆಕೆಯನ್ನು ನೋಡದೆ ಎಷ್ಟು ದಿನವಾಯಿತೆಂದು ನನಗಿಂತ ಮೊದಲು ಅವನೇ ಲೆಕ್ಕ ಹೇಳಿ, ರಜೆ ಕೇಳು ಎಂದು ಬೆನ್ನು ಹತ್ತುತ್ತಿದ್ದ. ಹೀಗೆ ಯಾರ ಹತ್ತಿರವೂ ನಾನು ಆಮೇಲೆ ಮಾತಾಡಿಲ್ಲ. ಗಂಡಸರು ಮುಖ ನೋಡಿಕೊಂಡು ಆಡಲಾರದ ಮಾತನ್ನು ಕತ್ತಲಲ್ಲಿ ಆಡುತ್ತಾರೆ.

ಮೂರನೆಯ ಚಳಿಗಾಲ, ಎಳ್ಳಮಾವಾಸ್ಯೆಯ ಹಿಂಚುಮುಂಚು. ಮಾಮಾನಿಗೆ ಎರಡು ದಿನದಿಂದ ಕೆಮ್ಮು, ಮೈಯಲ್ಲಿ ನಡುಕ. ಬದಲಿ ಡ್ರೈವರು ಸಿಗಲಿಲ್ಲ. ಆ ದಿನ ಊಟವನ್ನೂ ಮಾಡದೆ ಬೇಗ ಮಲಗಿದ. ನನ್ನ ಕೌದಿಯನ್ನೂ ಅವನ ಮೇಲೆ ಹಾಕಿದೆ. ಎರಡೂ ಕೌದಿಗಳು ಸೇರಿ ನಡುಗುತ್ತಿದ್ದವು. ನೋಡಲಾಗಲಿಲ್ಲ. ಶಾಂತವ್ವನ ಮನೆಗೆ ಹೋಗಿ, ಹೊರಗೆ ಕುಳಿತು ಮೈ ಕಾಯಿಸಿಕೊಳ್ಳುತ್ತೇನೆಂದು ಸುಳ್ಳು ಹೇಳಿ, ಒಂದು ಬೋಗುಣಿ ಕೆಂಡ ಈಸಿಕೊಂಡು ಬಂದೆ. ಮಾಮಾನ ಸೀಟಿನ ಪಕ್ಕ, ಸೀಟುಗಳ ನಡುವಿನ ದಾರಿಯಲ್ಲಿ ಇಟ್ಟೆ. ಆಮೇಲೆ, ಬಿಸಿ ಹೊರಗೆ ಹೋಗಬಾರದೆಂದು, ಆ ಎರಡು ಬೆರಳಿನ ಕಿಟಕಿಯನ್ನೂ ಎಳೆದು ಮುಚ್ಚಿ ಸಂದಿಗೆ ನನ್ನ ಮಫ್ಲರು ತುರುಕಿದೆ.

ಸ್ವಲ್ಪ ಹೊತ್ತಿಗೆ ಅವನ ನಡುಕ ನಿಂತಿತು. ನನಗಾದ ಸಮಾಧಾನ ಹೇಳಲಾರೆ. ಕೂಸನ್ನು ಮಲಗಿಸಿದ ತಾಯಿಯ ಹಾಗೆ ಅವನ ಕಾಲ ಹತ್ತಿರ ಸೀಟಿಗೆ ಒರಗಿದೆ. ಬೆಚ್ಚಗಿತ್ತು. ಅಷ್ಟು ಸುಖದ ನಿದ್ದೆ ನನಗೆ ಎಂದೂ ಬಂದಿರಲಿಲ್ಲ.

ಮುಂದಿನದನ್ನು ಶಾಂತವ್ವನ ಬಾಯಿಂದ ಕೇಳಿ ಬಲ್ಲೆ. ನಸುಕಿನಲ್ಲಿ ಮಾಮಾನಿಗೆ ಕೆಮ್ಮು ಒತ್ತಿ ಎಚ್ಚರವಾಯಿತಂತೆ. ತಲೆ ಕಲ್ಲು, ಕಾಲಲ್ಲಿ ಬಲವಿಲ್ಲ. ಹೇಗೋ ಬಾಗಿಲು ನೂಕಿ ನೆಲಕ್ಕೆ ಬಿದ್ದ, ಮುಂಗೈ ಮುರಿಯಿತು. ಹೊರಗಿನ ಗಾಳಿಗೆ ಬುದ್ಧಿ ತಿಳಿಯಾದಾಗ ನಾನು ಒಳಗಿದ್ದೇನೆಂಬುದು ನೆನಪಾಯಿತು. ಒಳಗೆ ಹತ್ತಿದ, ನನ್ನನ್ನು ಎತ್ತಲಾಗದೆ ಉಸಿರಿಗಾಗಿ ಹೊರಗೆ ಬಂದ, ಮತ್ತೆ ಹತ್ತಿದ. ಹಾಲು ಕರೆಯಲು ಎದ್ದ ಶಾಂತವ್ವ ಓಡಿ ಬರುವಾಗ, ಆತ ಒಂದೇ ಕೈಯಲ್ಲಿ ನನ್ನ ಅಂಗಿಯ ಕಾಲರು ಹಿಡಿದು ಮೆಟ್ಟಿಲವರೆಗೆ ಎಳೆದು ತಂದಿದ್ದನಂತೆ.

ನನಗೆ ಎಚ್ಚರವಾದದ್ದು ವಿಜಯಪುರದ ಒಂದು ಆಸ್ಪತ್ರೆಯಲ್ಲಿ, ಮರುದಿನ. ಮಗ್ಗುಲಲ್ಲಿ ಕಸ್ತೂರಿ. ಮಂಚದ ಕಾಲ ಕಡೆ ಡಿಪೋದ ಒಬ್ಬ ಸಾಹೇಬರು ಕಾಗದ ಹಿಡಿದು ನಿಂತಿದ್ದರು. ಬಸ್ಸಿನಲ್ಲಿ ಕೆಂಡ ಇಟ್ಟದ್ದು ತಾನೇ ಎಂದು ಡ್ರೈವರು ಬರೆದುಕೊಟ್ಟಿದ್ದಾನೆ, ಖರೆಯೇ ಎಂದು ಕೇಳಿದರು.

ಆಗ ನಾನಿನ್ನೂ ಕಾಯಂ ಆಗಿರಲಿಲ್ಲ. ಒಂದು ತಪ್ಪು ಸಾಕಿತ್ತು, ಮನೆಗೆ ಕಳಿಸುತ್ತಿದ್ದರು. ಅದು ಮಾಮಾನಿಗೆ ಗೊತ್ತಿತ್ತು. ನಾನು ಕಣ್ಣು ಬಿಡುವ ಮೊದಲೇ, ಮುರಿಯದ ಕೈಯಲ್ಲಿ ಬರೆದು ಮುಗಿಸಿದ್ದ. ಕೆಂಡ ಕೊಟ್ಟ ಶಾಂತವ್ವನನ್ನು ಯಾರೂ ಕೇಳಿರಲಿಲ್ಲ. ತಲೆ ಒಡೆದುಹೋಗುವಂತೆ ನೋಯುತ್ತಿತ್ತು, ಬಾಯಿಂದ ಮಾತು ಹೊರಡುತ್ತಿರಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಹೌದೆಂದು ತಲೆ ಆಡಿಸುವಷ್ಟು ಬಲ ಇತ್ತು. ಆಡಿಸಿದೆ. ಕಸ್ತೂರಿ ನೋಡುತ್ತಿದ್ದಳು.

ಕೆಲಸಕ್ಕೆ ತಿರುಗಿ ಹೋದಾಗ ಬೇರೆ ಡ್ರೈವರು ಇದ್ದ. ಮಾಮಾನನ್ನು ಶಿಕ್ಷೆಯೆಂದು ದೂರದ, ಘಟ್ಟದ ಕಡೆಯ ಡಿಪೋಕ್ಕೆ ಹಾಕಿದ್ದರು. ಕಾಯಂ ಆದ ದಿನವೇ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡೆ. ಕಾಯಂ ಆದೆ. ಅಷ್ಟರಲ್ಲಿ ಕಸ್ತೂರಿ ಬೀಗರಿಗೆಲ್ಲ ಕಥೆ ಹೇಳಿ ಆಗಿತ್ತು. ಮಗಳು ಹುಟ್ಟಲಿ ಎಂದುಕೊಂಡೆ, ಮನೆ ಕಟ್ಟಿ ಮುಗಿಯಲಿ ಎಂದುಕೊಂಡೆ. ಸುಳ್ಳು ಹೇಳುವುದಕ್ಕೆ ಒಂದು ಕ್ಷಣ ಸಾಕಾಗಿತ್ತು. ಅದನ್ನು ಬಿಚ್ಚುವುದಕ್ಕೆ ಮಾತ್ರ ನನಗೆ ಒಳ್ಳೆಯ ಮುಹೂರ್ತವೇ ಬೇಕಿತ್ತು.

ಇದಕ್ಕಿಂತ ಹೇಸಿಗೆಯದು ಇನ್ನೊಂದಿದೆ. ಏಳೆಂಟು ವರ್ಷದ ಮೇಲೆ ಮಿರಜಿನ ಬಸ್ ನಿಲ್ದಾಣದಲ್ಲಿ ನಮ್ಮ ಬಸ್ಸು ಹೊರಡುವ ಹೊತ್ತಿಗೆ ಎದುರಿಗೆ ಒಂದು ಬಸ್ಸು ಬಂದು ನಿಂತಿತು. ಸ್ಟೇರಿಂಗಿನ ಹಿಂದೆ ಮಾಮಾ. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ಮುಖ ಅರಳಿತು. ಕಿಟಕಿಯಿಂದ ಕೈ ಹೊರಗೆ ಹಾಕಿ ಮೇಲೆತ್ತಿದ. ನಾನು ತಲೆ ತಗ್ಗಿಸಿ ಟಿಕೀಟಿನ ಪೆಟ್ಟಿಗೆಯೊಳಗೆ ಏನನ್ನೋ ಹುಡುಕತೊಡಗಿದೆ. ಹುಡುಕುವುದು ಏನೂ ಇರಲಿಲ್ಲ. ಹುಡುಕುತ್ತಲೇ ಕೈ ಚಾಚಿ, ಗಂಟೆಯ ಹಗ್ಗ ಹಿಡಿದು, ಎರಡು ಸಲ ಹೊಡೆದೆ. ಎರಡು ಗಂಟೆ ಎಂದರೆ ಹೊರಡು ಎಂದರ್ಥ.

ಮೊನ್ನೆ ಕಸ್ತೂರಿ ಇಸ್ತ್ರಿಯವಳಿಗೆ ಕಥೆ ಹೇಳಿ ಒಳಗೆ ಬಂದಾಗ ನನಗೆ ಏನಾಯಿತೋ ತಿಳಿಯದು. ಮುಹೂರ್ತ ನೋಡಲಿಲ್ಲ. ಆಕೆ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಒಲೆಯ ಹತ್ತಿರ ನಿಂತು ಎಲ್ಲವನ್ನೂ ಹೇಳಿದೆ: ಬೋಗುಣಿ, ಮಫ್ಲರು, ತಲೆ ಆಡಿಸಿದ್ದು, ಮಿರಜು. ಆಕೆ ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕುಳಿತಳು. ಸಿಟ್ಟಿಗೇಳುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಮೆಲ್ಲಗೆ ಒಂದೇ ಮಾತು ಆಡಿದಳು.

“ಉಳಿಸಿದಾಂವನ್ನ ಇಷ್ಟ ವರ್ಷ ನನ್ನ ಬಾಯಿಲೆ ಬೈಸಿದ್ರಲ್ಲಾ.”

ಆಮೇಲೆ ಎರಡು ದಿನ ತಾಟು ಮುಂದಿಡುತ್ತಿದ್ದಳು, ತಾಟು ತೆಗೆಯುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ಎದುರಿಗೆ ಬಂದು ನಿಂತು, ಆತನ ನಂಬರು ಎಲ್ಲಿ ಎಂದು ಕೇಳಿದಳು. ನನ್ನ ಹತ್ತಿರ ಇರಲಿಲ್ಲ. ಹಳೆಯ ಸಹೋದ್ಯೋಗಿಯೊಬ್ಬನಿಗೆ ಫೋನು ಮಾಡಿ, ಆತ ಇನ್ನೊಬ್ಬನನ್ನು ಕೇಳಿ, ಸಂಜೆಗೆ ನಂಬರು ಬಂತು. ಆತ ಬದುಕಿದ್ದಾನೆ, ಹೊಳೆದಂಡೆಯ ತನ್ನ ಊರಿನಲ್ಲೇ ಇದ್ದಾನೆ ಎಂಬುದೂ ಗೊತ್ತಾಯಿತು. ನಾನು ಫೋನು ಕೈಯಲ್ಲಿ ಹಿಡಿದು ಕುಳಿತೇ ಇದ್ದೆ. ಕಸ್ತೂರಿ ಕಸಿದುಕೊಂಡು ತಾನೇ ಒತ್ತಿದಳು.

ತಾನು ಇಂಥ ಕಂಡಕ್ಟರನ ಹೆಂಡತಿ ಎಂದು ಮರಾಠಿಯಲ್ಲಿ ಹೇಳಿದಳು. ಅತ್ತಲಿಂದ ಕನ್ನಡದಲ್ಲಿ ಉತ್ತರ ಬಂದಿರಬೇಕು, ಆಕೆಯೂ ಕನ್ನಡಕ್ಕೆ ಹೊರಳಿದಳು. ನನಗೆ ಈಗ ಎಲ್ಲ ತಿಳಿಯಿತು, ನಿಮಗೆ ಬಹಳ ಕೆಟ್ಟ ಮಾತು ಆಡಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಿ ಎಂದಳು. ಆಮೇಲೆ ಬರೀ ಕೇಳುತ್ತಾ ನಿಂತಳು. ಕೇಳುತ್ತಾ ಕೇಳುತ್ತಾ ಸೆರಗು ಬಾಯಿಗೆ ಹೋಯಿತು. ಫೋನಿಗೆ ಕೈ ಅಡ್ಡ ಹಿಡಿದು ನನಗೆ ಹೇಳಿದಳು:

“ಮಿರಜಿನ್ಯಾಗ ನೀವು ಗುರ್ತಾ ಹಿಡೀಲಿಲ್ಲಂತ. ಆ ಕೆಂಡದ ಹೊಗಿಗೆ ನಿಮ್ಮ ನೆನಪು ಹೋಗಿರಬೇಕು ಅಂತ ತಿಳಕೊಂಡಾರ. ನಮ್ಮ ಹುಡುಗನ ತಲಿ ಈಗರೆ ನೆಟ್ಟಗಾತೇನು ಅಂತ ಕೇಳಾಕತ್ತಾರ.”

ಫೋನನ್ನು ನನ್ನ ಕೈಗೆ ಕೊಟ್ಟಳು.

ಇಷ್ಟು ವರ್ಷ ಆತ ನನ್ನ ಮೇಲೆ ಸಿಟ್ಟಾಗಿರಲಿಲ್ಲ. ನನಗಾಗಿ ಮರುಗಿದ್ದ. ಮರುಗುವುದಕ್ಕೆ ಒಂದು ಕಾರಣವನ್ನೂ ತಾನೇ ಕಟ್ಟಿಕೊಂಡಿದ್ದ. ಹೌದು ಮಾಮಾ, ನೆನಪು ಹೋಗಿತ್ತು ಎಂದರೆ ಮುಗಿಯುತ್ತಿತ್ತು. ಮುಪ್ಪಿನ ಕಾಲಕ್ಕೆ ಅವನಿಗೂ ನೆಮ್ಮದಿ, ನನಗೂ. ಮತ್ತೊಮ್ಮೆ ಬರೀ ತಲೆ ಆಡಿಸಿದಂತೆ. ಅತ್ತ ಕಡೆ ಆತ ಕೆಮ್ಮಿದ. “ಬೋಲ ಯವ್ವಾ,” ಎಂದ. ಕಸ್ತೂರಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಮಾಮಾ, ನನಗ ಎಲ್ಲಾ ನೆನಪೈತಿ,” ಎಂದೆ. “ಆ ದಿನ ಮಿರಜಿನ್ಯಾಗ ನಿನ್ನ ನೋಡಿದ್ದೆ. ನೋಡಿನs ಗಂಟಿ ಹೊಡದೆ.”

ಫೋನು ಕಡಿದುಹೋಯಿತೇನೋ ಎಂದುಕೊಂಡೆ. ಇಲ್ಲ, ಅವನ ಉಸಿರು ಕೇಳುತ್ತಿತ್ತು. ದೂರದಲ್ಲಿ ಯಾರೋ ಎಮ್ಮೆಯನ್ನು ಗದರಿಸುತ್ತಿದ್ದರು. ನಾನು ಕಾದೆ. ಎಷ್ಟು ಹೊತ್ತಾದರೂ ಸರಿ, ಈ ಸಲ ನಾನಾಗಿ ಫೋನು ಇಡುವುದಿಲ್ಲ ಎಂದುಕೊಂಡು ಕಾದೆ.

“ಗೊತ್ತಿತ್ತು,” ಎಂದ ಕೊನೆಗೆ. “ನೆನಪು ಹೋಗೇತಿ ಅಂತ ನನಗ ನಾನs ಹೇಳಕೊಂಡಿದ್ದೆ.” ಆಮೇಲೆ, “ಸಾಂಗಲಿಯಿಂದ ನಮ್ಮ ಊರಿಗೆ ಹನ್ನೊಂದಕ್ಕ ಗಾಡಿ ಐತಿ. ಕಸ್ತೂರಿಬಾಯಿನ್ನೂ ಕರಕೊಂಡ ಬಾ,” ಎಂದ.

ನಾಳೆ ಹೊರಡುತ್ತೇವೆ.