ಐರಣಿಯ ಫೋಟೊದ ಕಪ್ಪು ಮೂಲೆ

ಕಂಪ್ಯೂಟರಿನಲ್ಲಿ ಫೋಟೊದ ನೆರಳಿನ ಭಾಗವನ್ನು ತಿಳಿಗೊಳಿಸುತ್ತಿದ್ದಂತೆ, ಮರದ ದಿಮ್ಮಿ ಎಂದುಕೊಂಡಿದ್ದುದಕ್ಕೆ ಕಣ್ಣು ಮೂಡಿತು. ಮೊಸಳೆ!

ಅಂದು ಬೆಳಿಗ್ಗೆ ಐರಣಿಯಲ್ಲಿ, ತುಂಗಭದ್ರೆಯ ಮೊಣಕಾಲುದ್ದ ನೀರಿನಲ್ಲಿ ನಿಂತು ಆ ಫೋಟೊ ತೆಗೆದಿದ್ದೆ. ಆಕಾಶಕ್ಕೊಂದು, ನೀರಿಗೊಂದು, ಕತ್ತಲ ದಡಕ್ಕೊಂದು ಎಂದು ಒಂದೇ ದೃಶ್ಯವನ್ನು ಮೂರು ಬೆಳಕಿನಲ್ಲಿ ತೆಗೆದು, ಮನೆಗೆ ಬಂದು ಬೆಸೆಯುವ ಎಚ್‌ಡಿಆರ್ ಹುಚ್ಚು ನನ್ನದು. ಅದಕ್ಕೆ ನೀರು ಅಲುಗಾಡಬಾರದು. ಪಕ್ಕದ ಬಂಡೆಯ ಮೇಲೆ ಅವ್ವನ ತಂಗಿ, ನಮ್ಮ ಚಿಗವ್ವ, ಹೊದೆಯುವ ಕೌದಿಯನ್ನು ಬಡಿದು ಒಗೆಯುತ್ತಿದ್ದಳು. ಸ್ವಲ್ಪ ಹೊತ್ತು ನಿಲ್ಲಿಸು ಎಂದು ಎಷ್ಟು ಬೇಡಿಕೊಂಡರೂ ಕೇಳದೆ ಇನ್ನೂ ಜೋರಾಗಿ ಬಡಿದಳು. ನಾನು ಸಿಟ್ಟಿನಿಂದ ದಡ ಹತ್ತಿ ಬಂದಿದ್ದೆ.

ತಕ್ಷಣ ಅವಳಿಗೆ ಫೋನು ಮಾಡಿದೆ. "ಚಿಗವ್ವಾ, ಅಲ್ಲಿ ಮೊಸಳಿ ಇತ್ತು!"

"ನೋಡಿದ್ದೆ ತಮ್ಮಾ. ಹೇಳಿದ್ರ ನೀ ಗಾಬರ್ಯಾಗಿ ನೀರಾಗ ಬೀಳ್ತಿದ್ದಿ. ಸಪ್ಪಳಾದ್ರ ಅದು ಹತ್ರ ಬರೂದಿಲ್ಲ. ಅದಕ್ಕ ಅಷ್ಟು ಬಡ್ಯಾಕತ್ತಿದ್ದೆ."

ಫೋಟೊ ಕೆಟ್ಟಿದೆ. ನೀರಿನ ತುಂಬ ಅವಳ ಏಟಿನ ಅಲೆಗಳು ಒಂದರ ಮೇಲೊಂದು ಮೂಡಿವೆ. ಅವನ್ನು ಅಳಿಸಿ ನಯಗೊಳಿಸಲು ಒಂದು ಕ್ಲಿಕ್ ಸಾಕು. ನನಗೆ ಕೈ ಬರುತ್ತಿಲ್ಲ.