ಹೋಗ್ಯಾಳ

ನಮ್ಮ ಚರ್ಚಿನ ಲಾಬಿಯಲ್ಲಿ, ಕಾಫಿ ಮೇಜಿನ ಪಕ್ಕ, ಆಳೆತ್ತರದ ಒಂದು ಬೋರ್ಡು ನಾಲ್ಕು ತಿಂಗಳು ನಿಂತಿತ್ತು. ಅದರಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಅಳುತ್ತಿದ್ದಳು. ಎರಡು ಜಡೆ, ಕೆಂಪು ರಿಬ್ಬನ್, ಒರೆಸಿಕೊಳ್ಳದ ಮೂಗು. ಇವಳಿಗೆ ತಾಯಿಯಿಲ್ಲ, ನಾವಿದ್ದೇವೆ ಎಂದು ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು. ಜನ ಕಾಫಿಗೆ ಸಕ್ಕರೆ ಹಾಕಿ ಕಲಕುತ್ತಾ ಅದನ್ನು ಓದುತ್ತಿದ್ದರು. ಆ ತಾಯಿಯನ್ನು ಕೊಂದವಳು ನಾನು. ಒಂದು ಪದವನ್ನು ತಪ್ಪಾಗಿ ತಿಳಿದುಕೊಂಡು ಕೊಂದೆ.

ನಾನು ಮೈಸೂರಿನಲ್ಲಿ ಹುಟ್ಟಿ ಬೆಳೆದ ಕ್ರೈಸ್ತಳು. ಅಮೆರಿಕದ ಬೋಲಿಂಗ್‌ಬ್ರೂಕ್‌ಗೆ ಬಂದು ಹನ್ನೆರಡು ವರ್ಷವಾಯಿತು. ಒಂದು ವೇರ್‌ಹೌಸಿನಲ್ಲಿ ಯಾವ ಟ್ರಕ್ ಎಷ್ಟು ಗಂಟೆಗೆ ಯಾವ ಬಾಗಿಲಿಗೆ ಬರಬೇಕೆಂದು ನೋಡಿಕೊಳ್ಳುವ ಕೆಲಸ ನನ್ನದು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಹೀಗಿರುವಾಗ ಪರದೇಶಕ್ಕೆ ಸೇವೆಗೆಂದು ಹೋಗುವ ಚರ್ಚಿನ ಮಿಷನ್ ಟ್ರಿಪ್ ಈ ಸಲ ಕರ್ನಾಟಕಕ್ಕೆ, ನೀನೇ ಬಂದು ಟ್ರಾನ್ಸ್‌ಲೇಟ್ ಮಾಡಬೇಕು ಎಂದು ತಂಡದ ಮುಖ್ಯಸ್ಥೆ ಕೇಳಿದಾಗ ನಾನು ಉಬ್ಬಿಹೋದೆ. ಅವರ ಪಾಲಿಗೆ ಅದು ಪರದೇಶ. ನನ್ನ ಪಾಲಿಗೂ ಹೆಚ್ಚುಕಡಿಮೆ ಪರದೇಶವೇ ಎಂಬುದು ಆಗ ನನಗೆ ಹೊಳೆಯಲಿಲ್ಲ. ಮೈಸೂರಿನಿಂದ ಉತ್ತರಕ್ಕೆ ನಾನು ಹಂಪಿ ದಾಟಿ ಹೋದವಳಲ್ಲ.

ಜನವರಿಯಲ್ಲಿ ಹತ್ತು ದಿನ. ಹನ್ನೆರಡು ಜನ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ಉತ್ತರ ಕರ್ನಾಟಕದ ಒಂದು ಸಣ್ಣ ಊರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಹೋದೆವು. ಗೇಟಿನ ಮೇಲೆ ಬಾಲಕಿಯರ ವಸತಿ ನಿಲಯ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಮುಖ್ಯಸ್ಥೆ ಮೊದಲ ದಿನದಿಂದಲೂ ಅದನ್ನು ಅನಾಥಾಲಯ ಎಂದೇ ಕರೆದಳು. ನಾನು ತಿದ್ದಲಿಲ್ಲ. ಅಷ್ಟು ದೂರದಿಂದ ಬಂದವರ ಉತ್ಸಾಹಕ್ಕೆ ನೀರೆರಚುವುದು ಯಾಕೆ ಎಂದುಕೊಂಡೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆ ವಾರ ಮಕ್ಕಳಿಗೆ ಪರೀಕ್ಷೆ ಇತ್ತು. ನಿಮ್ಮ ಆಟಪಾಟವೆಲ್ಲ ಸಾಯಂಕಾಲ ಇಟ್ಟುಕೊಳ್ಳಿ ಎಂದು ವಾರ್ಡನ್ ಮೇಡಂ ನನ್ನ ಮೂಲಕ ಕೇಳಿಕೊಂಡರು. ನಮಗಿರುವುದೇ ಹತ್ತು ದಿನ ಎಂದು ಮುಖ್ಯಸ್ಥೆ ನಕ್ಕಳು. ಓದಿನ ಹೊತ್ತು ಬಲೂನಿಗೆ ಹೋಯಿತು, ಮಣಿ ಪೋಣಿಸುವುದಕ್ಕೆ ಹೋಯಿತು. ಕಳೆದ ದೀಪಾವಳಿಗೆ ಸುಣ್ಣ ಬಳಿದಿದ್ದ ಗೋಡೆಗೆ ನಾವು ಮತ್ತೆ ಬಣ್ಣ ಬಳಿದೆವು. ಅದೂ ಸೊಟ್ಟಪಟ್ಟ. ನಾವು ಊಟಕ್ಕೆ ಹೋದಾಗ ಒಬ್ಬ ಪೇಂಟರ್ ಬಂದು ಸದ್ದಿಲ್ಲದೆ ಅಂಚು ಸರಿಮಾಡಿ ಹೋಗುತ್ತಿದ್ದ. ಮಕ್ಕಳು ಕ್ಯಾಮೆರಾಕ್ಕಾಗಿ ಒಂದೇ ಹಾಡನ್ನು ಗಂಟಲು ಒಣಗುವವರೆಗೆ ಹಾಡಿದರು.

ಆರನೆಯ ದಿನ ಮುಖ್ಯಸ್ಥೆ ಆ ರಿಬ್ಬನ್ನಿನ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವಳ ತಾಯಿಯ ಬಗ್ಗೆ ಕೇಳು ಎಂದಳು. ಎದುರಿಗೆ ಒಬ್ಬ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದ. ನಾನು ನನ್ನ ಮೈಸೂರಿನ ಕನ್ನಡದಲ್ಲಿ ಕೇಳಿದೆ.

"ಅಮ್ಮ ಇದಾರಾ ಪುಟ್ಟಿ?"

"ಇಲ್ರಿ. ಹೋಗ್ಯಾಳ್ರಿ."

ನಮ್ಮ ಕಡೆ ಅಜ್ಜಿ ಹೋಗ್ಬಿಟ್ರು ಅಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ, ಚಪ್ಪಲಿ ಮೆಟ್ಟಿಕೊಂಡು ಆ ಮನೆಗೆ ಹೊರಡುತ್ತಾರೆ. ನನ್ನ ಕಿವಿ ಕೇಳಿಸಿಕೊಂಡದ್ದು ಅದನ್ನೇ. ಮುಖ್ಯಸ್ಥೆಯ ಕಡೆ ತಿರುಗಿ, ದನಿ ತಗ್ಗಿಸಿ, ಪಾಸ್ಡ್ ಅವೇ ಎಂದೆ. ಹುಡುಗಿ ಇನ್ನೂ ಏನೋ ಹೇಳುತ್ತಿದ್ದಳು. ಅಷ್ಟರಲ್ಲಿ ಮುಖ್ಯಸ್ಥೆ ಅವಳನ್ನು ಎದೆಗೆ ಅವುಚಿಕೊಂಡು ಅಳತೊಡಗಿದ್ದಳು. ತಂಡದವರು ಒಬ್ಬೊಬ್ಬರಾಗಿ ಬಂದು ಸುತ್ತ ಮಂಡಿಯೂರಿದರು, ಎಲ್ಲರೂ ಅತ್ತರು. ನಾನೂ ಅತ್ತೆ. ಹುಡುಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ ನನ್ನ ಮುಖ ನೋಡಿದಳು. ಆಮೇಲೆ ಅವಳೂ ಅಳಲು ಶುರುಮಾಡಿದಳು. ಫೋಟೊ ತೆಗೆದದ್ದು ಆಗಲೇ. ವಾರ್ಡನ್ ಮೇಡಂ ಅಡುಗೆಮನೆಯಲ್ಲಿ ನಮ್ಮ ಹನ್ನೆರಡು ಜನಕ್ಕೆ ಉಪ್ಪಿಟ್ಟು ಮಾಡಿಸುತ್ತಿದ್ದರು.

ಫೆಬ್ರವರಿಯಲ್ಲಿ ಬೋರ್ಡು ಬಂತು. ವಿಡಿಯೋ ಕೂಡ ಬಂತು, ಹಿನ್ನೆಲೆಯಲ್ಲಿ ಪಿಯಾನೊ ಸೇರಿಸಿಕೊಂಡು. ಮುಂದಿನ ಜನವರಿಯ ಟ್ರಿಪ್ಪಿಗೆ ಜನ ಹೆಸರು ಕೊಡತೊಡಗಿದರು. ನನ್ನನ್ನು ಕಂಡವರೆಲ್ಲ ಕೈ ಹಿಡಿದು, ನೀನಿಲ್ಲದಿದ್ದರೆ ಅವಳ ಕಥೆ ನಮಗೆ ತಿಳಿಯುತ್ತಲೇ ಇರಲಿಲ್ಲ ಎನ್ನುತ್ತಿದ್ದರು. ನಾನು ಆ ಮಾತಿಗೆ ಬೆಣ್ಣೆಯ ಹಾಗೆ ಕರಗುತ್ತಿದ್ದೆ.

ಜೂನ್ ತಿಂಗಳ ಒಂದು ಶನಿವಾರ ಬಾಗಲಕೋಟೆ ಕಡೆಯ ಅಕ್ಕ ಒಬ್ಬರ ಜೊತೆ ನಮ್ಮ ದೇಶದವರ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೋಗಿದ್ದೆ. ಅವರು ಹಲ್ಲಿನ ಡಾಕ್ಟರು, ನಮ್ಮದೇ ಬಡಾವಣೆಯವರು. ಜೋಳದ ಹಿಟ್ಟು ಕೊಂಡು, ಚಹಾ ಕುಡಿಯುತ್ತಾ ಕೂತಾಗ ಹೆಮ್ಮೆಯಿಂದ ನನ್ನ ವಿಡಿಯೋ ತೋರಿಸಿದೆ. ಅವರು ಫೋನನ್ನು ಕಿವಿಗೆ ಒತ್ತಿಕೊಂಡು ಮತ್ತೆ ಮತ್ತೆ ಕೇಳಿದರು. ನಾಲ್ಕನೆಯ ಸಲ ಕೇಳಿ ಮುಗಿಸಿ ನನ್ನನ್ನು ದಿಟ್ಟಿಸಿದರು.

"ಯಾರು ಸತ್ತಾರಂತ ಅಳಾಕತ್ತೀರಿ ನೀವೆಲ್ಲಾ? ಅವರವ್ವ ಮಂಗಳೂರಿಗೆ ದುಡಿಯಾಕ ಹೋಗ್ಯಾಳ. ಉಗಾದಿಗೆ ಬರ್ತಾಳ ಅಂತ ಹೇಳಾಕತ್ತೈತಿ ಕೂಸು. ನಮ್ಮ ಕಡೆ ಸತ್ತರ ತೀರಿಕೊಂಡಾಳ ಅಂತೀವಿ. ಹೋಗ್ಯಾಳ ಅಂದ್ರ ಹೋಗ್ಯಾಳ, ಅಷ್ಟ."

ನಾನೂ ಕಿವಿಗೊಟ್ಟು ಕೇಳಿದೆ. ಅಳುವಿನ ಕೆಳಗೆ, ಪಿಯಾನೊದ ಕೆಳಗೆ, ಸಣ್ಣ ದನಿಯಲ್ಲಿ ಉಗಾದಿ ಎಂಬ ಮಾತು ಸ್ಪಷ್ಟವಾಗಿತ್ತು. ವಾಪಸು ಡ್ರೈವ್ ಮಾಡುವಾಗ ಹೈವೇಯಲ್ಲಿ ನಮ್ಮ ಎಕ್ಸಿಟ್ ದಾಟಿ ನಾಲ್ಕು ಮೈಲಿ ಮುಂದೆ ಹೋಗಿಬಿಟ್ಟಿದ್ದೆ.

ಅದೇ ಸಂಜೆ ಮುಖ್ಯಸ್ಥೆಯ ಮನೆಗೆ ಹೋಗಿ ಎಲ್ಲ ಹೇಳಿದೆ. ಬೋರ್ಡು ತೆಗೆಸಬೇಕು, ವಿಡಿಯೋ ಅಳಿಸಬೇಕು ಎಂದೆ. ಅವಳು ನನಗೆ ತಣ್ಣನೆಯ ನಿಂಬೆ ಪಾನಕ ಕೊಟ್ಟಳು. ಸಣ್ಣ ವಿವರದಲ್ಲಿ ತಪ್ಪಾಗಿರಬಹುದು, ಆದರೆ ಕಥೆಯ ಹೃದಯ ನಿಜವೇ ತಾನೆ, ತಾಯಿ ಹತ್ತಿರ ಇಲ್ಲ ಅಂದರೆ ಮಗುವಿಗೆ ಅದೂ ಒಂದು ಬಗೆಯ ಸಾವೇ ತಾನೆ ಎಂದಳು. ಹಾಗಾದರೆ ಹದಿನೆಂಟು ತುಂಬಿದ ಕೂಡಲೇ ಮನೆ ಬಿಟ್ಟು ದೂರದ ಕಾಲೇಜಿಗೆ ಹೋದ ನಿನ್ನ ಮಗಳ ಪಾಲಿಗೆ ನೀನೂ ಸತ್ತಿದ್ದೀಯಾ ಎಂದು ಕೇಳಿದೆ. ಅವಳು ಗ್ಲಾಸು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಭಾನುವಾರ. ಆರಾಧನೆಯ ಕೊನೆಗೆ ಸಾಕ್ಷಿ ಹೇಳುವವರು, ಅಂದರೆ ದೇವರು ತಮಗೆ ಮಾಡಿದ್ದನ್ನು ಹೇಳಿಕೊಳ್ಳುವವರು, ಮುಂದೆ ಬರಬಹುದು ಎಂದು ಪಾಸ್ಟರ್ ಕರೆಯುವುದು ನಮ್ಮಲ್ಲಿ ಪದ್ಧತಿ. ನಾನು ಹೋಗಿ ಮೈಕ್ ಹಿಡಿದೆ. ಲಾಬಿಯ ಹುಡುಗಿಯ ತಾಯಿ ಬದುಕಿದ್ದಾಳೆ, ಮಂಗಳೂರಿನಲ್ಲಿ ದುಡಿಯುತ್ತಿದ್ದಾಳೆ, ಅವಳ ಭಾಷೆ ನನಗೆ ಅರ್ಥವಾಗಲಿಲ್ಲ, ತಪ್ಪು ನನ್ನದು, ಆ ಬೋರ್ಡು ಸುಳ್ಳು ಎಂದೆ. ಪಾಸ್ಟರ್ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, ಮೈಕನ್ನು ಮೆಲ್ಲಗೆ ತೆಗೆದುಕೊಂಡರು. ತಾಯಿಯಿಲ್ಲದ ಮಗುವಿಗಾಗಿ ನಾವು ನಾಲ್ಕು ತಿಂಗಳು ಪ್ರಾರ್ಥಿಸಿದೆವು, ಇವತ್ತು ಆ ತಾಯಿ ಬದುಕಿದ್ದಾಳೆ ಎಂಬ ಸುದ್ದಿ ಬಂದಿದೆ ಎಂದರು. ಇಡೀ ಚರ್ಚು ಎದ್ದು ನಿಂತು ಚಪ್ಪಾಳೆ ತಟ್ಟಿತು. ಡ್ರಮ್ಸ್ ಹುಡುಗರು ಶುರುಹಚ್ಚಿಕೊಂಡರು. ನನ್ನ ತಪ್ಪೊಪ್ಪಿಗೆಯನ್ನು ಪವಾಡ ಮಾಡಿ, ನನ್ನ ಕಣ್ಣೆದುರೇ ಹಂಚಿ ತಿಂದರು. ಅಷ್ಟು ಸಿಟ್ಟು ನನಗೆ ಹಿಂದೆ ಯಾವತ್ತೂ ಬಂದಿರಲಿಲ್ಲ.

ಆದರೂ, ನಿಜ ಹೇಳುತ್ತೇನೆ, ಸಿಟ್ಟಿನ ಒಳಗೊಂದು ಸಮಾಧಾನ ಇತ್ತು. ನಾನಂತೂ ಹೇಳಿದೆ, ಕೈ ತೊಳೆದುಕೊಂಡೆ ಎಂಬ ಸಮಾಧಾನ. ಅದು ಒಂದು ದಿನವೂ ಬಾಳಲಿಲ್ಲ.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಮುಂಚೆ, ವೇರ್‌ಹೌಸಿನ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಹಾಸ್ಟೆಲ್ಲಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ, ಮಕ್ಕಳು ಶಾಲೆಯಿಂದ ಬಂದಿದ್ದರು. ವಾರ್ಡನ್ ಮೇಡಂಗೆ ವಿಷಯ ತಿಳಿಸಿದೆ. ಅವರು ಹುಡುಗಿಯನ್ನೇ ಕರೆದು ಫೋನ್ ಕೊಟ್ಟರು. ನಿನ್ನ ಮಾತು ನನಗೆ ತಿಳಿಯಲಿಲ್ಲ ಪುಟ್ಟಿ, ನಿಮ್ಮವ್ವ ಇಲ್ಲ ಅಂತ ಎಲ್ಲರಿಗೂ ಹೇಳಿಬಿಟ್ಟೆ, ತಪ್ಪಾಯಿತು ಎಂದೆ.

"ಅವತ್ತ ನೀವೆಲ್ಲಾರೂ ಅತ್ರಿ. ಅವ್ವಗ ಏನೋ ಆಗೈತಿ, ನಿಮಗ ಗೊತ್ತೈತಿ, ನನಗ ಹೇಳವಲ್ರಿ ಅಂತ ತಿಳಕೊಂಡೆ ರೀ."

ಅವ್ವನಿಗೆ ಫೋನ್ ಮಾಡಿ ಕೇಳಲಿಲ್ಲವಾ ಎಂದೆ. ಅವ್ವನ ಹತ್ತಿರ ಫೋನ್ ಇಲ್ಲವಂತೆ. ಮೇಡಂ ಅವರನ್ನಾದರೂ ಕೇಳಬಹುದಿತ್ತಲ್ಲ ಎಂದೆ. ಕೇಳಿದರೆ ಹೌದು ಅಂದುಬಿಡುತ್ತಾರೆ ಎಂದು ಹೆದರಿಕೆಯಾಗಿ ಕೇಳಲಿಲ್ಲವಂತೆ. ಜನವರಿಯಿಂದ ಉಗಾದಿಯವರೆಗೆ.

"ಉಗಾದಿಗೆ ಅವ್ವ ಗೇಟಿಗೆ ಬಂದ್ಳು. ನಾ ಒಳಗ ಓಡಿಹೋದೆ ರೀ. ದೆವ್ವ ಆಗಿ ಬಂದಾಳ ಅಂತ."

ಎರಡು ಟ್ರಕ್ಕುಗಳು ನನ್ನ ಅಪ್ಪಣೆಗಾಗಿ ಬಾಗಿಲ ಮುಂದೆ ಕಾಯುತ್ತಿದ್ದವು. ಕಾಯಲಿ ಎಂದು ಕಾರನ್ನು ತಿರುಗಿಸಿ ನೇರ ಚರ್ಚಿಗೆ ಹೋದೆ. ಬೋರ್ಡಿನ ಮೇಲಿದ್ದ ಸಾಲನ್ನು ಆಗಲೇ ಬದಲಾಯಿಸಿ, ಪ್ರಾರ್ಥನೆಗೆ ಉತ್ತರ ಸಿಕ್ಕಿತು ಎಂದು ಕಾಗದ ಅಂಟಿಸಿದ್ದರು. ಫೋಟೊ ಅದೇ. ಆ ಮಗು ಅಳುತ್ತಿದ್ದದ್ದು ತಾಯಿಯಿಲ್ಲ ಎಂದಲ್ಲ. ನಮ್ಮನ್ನು ನೋಡಿ, ನಾವು ಅತ್ತದ್ದನ್ನು ನಂಬಿ. ನಾನು ಆ ಬೋರ್ಡನ್ನು ಸ್ಟ್ಯಾಂಡ್ ಸಮೇತ ಎತ್ತಿ ಬಾಗಿಲ ಕಡೆಗೆ ಎಳೆದುಕೊಂಡು ಹೊರಟೆ.

ಆಫೀಸಿನ ಹೆಂಗಸು ತಲೆ ಹೊರಗೆ ಹಾಕಿ, ಎಲ್ಲಿಗೆ ಎಂದು ಕೇಳಿದಳು.

ಒಂದೇ ಮಾತು. ಆರನೆಯ ದಿನ, ಹೋಗ್ಯಾಳ ಎಂದವಳನ್ನು ನಾನು ಕೇಳಬೇಕಾಗಿದ್ದದ್ದೂ ಅಷ್ಟೇ.